ಓಣಿ ಕಡೆಯ ಬಾಗಿಲು

"ಯಾವ ಲೌಡಿ ಹೋಗಿದ್ದು ಮೇಲಕ್ಕೆ? ಬಾಯ್ಬಿಡ್ರೇ."

ಮೇಸ್ತ್ರಿ ಲಕ್ಷ್ಮಯ್ಯ ಮೆಟ್ಟಿಲ ಮೇಲೆ ನಿಂತು ಕೇಳುತ್ತಿದ್ದ. ಕೆಳಗೆ ಸಿಮೆಂಟು ಮಾಲು ಕಲಸುತ್ತಿದ್ದ ಹೆಂಗಸರು ಸಲಿಕೆ ನಿಲ್ಲಿಸಲಿಲ್ಲ. ಅವನ ಹಿಂದೆ ಮನೆಯ ಯಜಮಾನಿ ಶ್ರೀವಿದ್ಯಾ ಮೊಬೈಲು ಹಿಡಿದು ನಿಂತಿದ್ದಳು. ಮಹಡಿಯ ಹೊಸ ಬಾತ್‌ರೂಮಿನಲ್ಲಿ, ಹಿಂದಿನ ದಿನವಷ್ಟೇ ಕೂರಿಸಿದ ಕಮೋಡಿನ ಮುಂದೆ, ಸಿಮೆಂಟಿನ ಎರಡು ಹೆಜ್ಜೆ ಗುರುತು ಸಿಕ್ಕಿದ್ದವು. ಅದರ ಫೋಟೊ ತೆಗೆದಿದ್ದಳು.

"ನಾವೇ ಇನ್ನೂ ಯೂಸ್ ಮಾಡಿಲ್ಲ ಲಕ್ಷ್ಮಯ್ಯ. ಪೂಜೆ ಆಗ್ಬೇಕು, ಆಮೇಲೆ ನಾವು. ಅದಕ್ಕೆ ಮೊದ್ಲೇ ಇವ್ರೆಲ್ಲ ಹೋಗಿ..." ಮಾತನ್ನು ಅಲ್ಲಿಗೇ ಬಿಟ್ಟಳು.

"ನಾನೇ ಹೋಗಿದ್ದೆ ಮೇಸ್ತ್ರಿ," ಅಂಜಮ್ಮ ಸಲಿಕೆಗೆ ಒರಗಿ ಹೇಳಿದಳು.

ಲಕ್ಷ್ಮಯ್ಯ ಫೋಟೊ ನೋಡಿದ, ಅವಳ ಕಾಲು ನೋಡಿದ. "ನಿನ್ ಪಾದ ಬಾಂಡ್ಲಿ ಅಗ್ಲ ಐತೆ. ಯಾರಿಗ್ ಕಿವಿ ಮೇಲೆ ಹೂವ ಇಡ್ತೀಯ? ಇದು ನಿನ್ ಸೊಸೇದು. ಏಯ್ ಮೀನಾ, ಬಸುರಿ ಅಂತ ಕೂತ್ಕೊಂಡ್ ಮಾಡೋ ಕೆಲ್ಸ ಕೊಟ್ರೆ ರಾಣಿ ಥರ ಮಹಡಿ ಮೇಲೆ ಉಚ್ಚೆ ಉಯ್ಯಕ್ಕೆ ಹೋಗ್ತೀಯೇನೆ?"

ಮೀನಾ ಟೈಲ್ಸಿನ ಸಂದು ಒರೆಸುತ್ತಿದ್ದವಳು ತಲೆ ಎತ್ತಲಿಲ್ಲ. "ತಡ್ಕೊಳಕ್ಕಾಗ್ಲಿಲ್ಲ," ಎಂದಳು ನೆಲಕ್ಕೆ.

"ಬ್ಲೀಚಿಂಗ್ ಹಾಕಿ ತೊಳಸಿ," ಶ್ರೀವಿದ್ಯಾ ಹೇಳಿದಳು. "ಅವಳ ಕೈಲೇ ತೊಳಸಿ." ಮಧ್ಯಾಹ್ನದ ಹೊತ್ತಿಗೆ ಐದೂ ಬಾತ್‌ರೂಮುಗಳಿಗೆ ಬೀಗ ಬಿತ್ತು. ಬೀಗದ ಕೈ ಗೊಂಚಲು ಶ್ರೀವಿದ್ಯಾಳ ಕೈಚೀಲ ಸೇರಿತು.

ಬಸವನಗುಡಿಯ ಆ ಹಳೆಯ ಮನೆ ಒಳಗೂ ಹೊರಗೂ ಬದಲಾಗುತ್ತಿತ್ತು. ಅಡುಗೆಮನೆಗೂ ನಡುಮನೆಗೂ ನಡುವಿನ ಗೋಡೆ ಬಿದ್ದಿತ್ತು. ಹೆಂಚು ಇಳಿದು ಅಂಗಳದ ಮೇಲೆ ಗಾಜು ಬಂದಿತ್ತು. ತಮಿಳುನಾಡಿನ ಕಾರೈಕುಡಿಯ ಕಡೆ ಯಾರದೋ ಕೆಡವಿದ ಮನೆಯ ಮರದ ಕಂಬಗಳು ಲಾರಿಯಲ್ಲಿ ಬಂದಿಳಿದಿದ್ದವು. ಕೆಂಪು ಗಾರೆಯ ನೆಲ ಮಾತ್ರ ಹಾಗೇ ಇರಲೆಂದು ಉಜ್ಜಿ ಉಜ್ಜಿ ಕನ್ನಡಿ ಮಾಡಿದ್ದರು. ಮುಂದಿನ ಗೋಡೆಯ ಗಾರೆ ಕೆತ್ತಿ ಇಟ್ಟಿಗೆ ಕಾಣುವಂತೆ ಮಾಡಿದ ದಿನ ಅಂಜಮ್ಮ ನಕ್ಕಿದ್ದಳು: "ದುಡ್ಡು ಕೊಟ್ಟು ಗೋಡೇನ ಬತ್ತಲೆ ಮಾಡಿಸ್ತಾರಲ್ಲಪ್ಪ ಇವ್ರು."

ಕೆಲಸದವರು ಬರುವುದು ಹೋಗುವುದು ಹಿಂದಿನ ಓಣಿಯಿಂದ. ಹಳೆಯ ಬಡಾವಣೆಗಳಲ್ಲಿ ಎರಡು ಮನೆಸಾಲುಗಳ ಬೆನ್ನಿನ ನಡುವೆ ಇಂಥ ಓಣಿಗಳಿವೆ. ಕನ್ಸರ್ವೆನ್ಸಿ ಎಂದು ಮನೆಯವರು ಕರೆಯುತ್ತಾರೆ, ಕಕ್ಕಸು ಓಣಿ ಎಂದು ಅದರಲ್ಲಿ ಓಡಾಡಿದವರು. ಒಂದು ಕಾಲದಲ್ಲಿ ಮಲ ಹೊರುವವರಿಗಾಗಿಯೇ ಬಿಟ್ಟ ದಾರಿ ಅದು. ಮೊದಮೊದಲು ಹೆಂಗಸರು ಅಲ್ಲಿನ ಮರಳ ಗುಡ್ಡೆಯ ಮರೆಯಲ್ಲಿ ಕುಳಿತೆದ್ದು ಬರುತ್ತಿದ್ದರು. ಬೀಗ ಬಿದ್ದ ವಾರದಲ್ಲೇ ಹಿಂದಿನ ಗೋಡೆಗೆ ಕ್ಯಾಮೆರಾ ಬಂತು. ಮರಳ ಗುಡ್ಡೆ, ಅದರ ಮರೆ, ಎಲ್ಲವೂ ಶ್ರೀವಿದ್ಯಾಳ ಮೊಬೈಲಿನಲ್ಲಿ ಕಾಣತೊಡಗಿದವು.

ಮಾರ್ಕೆಟ್ಟಿನ ಹತ್ತಿರ ಶೌಚಾಲಯವಿತ್ತು. ಆದರೆ ಹೋಗಿ ಬರುವಷ್ಟರಲ್ಲಿ ಕಲಸಿದ ಮಾಲು ಗಟ್ಟಿಯಾಗುತ್ತದೆ ಎಂದು ಲಕ್ಷ್ಮಯ್ಯ ಬಿಡುತ್ತಿರಲಿಲ್ಲ. "ಮನೇಲೇ ಮುಗಿಸ್ಕೊಂಡು ಬರ್ರಿ. ಹೇತ್ಕೊಂಡ್ ಉಚ್ಕೊಂಡ್ ತಿರುಗೋಕೆ ಇದೇನ್ ಜಾತ್ರೆನಾ?" ಎಂದಿದ್ದ. ಅದಕ್ಕೆ ಹೆಂಗಸರು ಕಂಡುಕೊಂಡ ಉಪಾಯ ಒಂದೇ. ನೀರು ಕುಡಿಯುವುದನ್ನು ಬಿಟ್ಟರು.

ಮೀನಾಳಿಗೆ ಉರಿಮೂತ್ರ ಶುರುವಾಯಿತು, ಆಮೇಲೆ ಚಳಿಜ್ವರ. ಆಸ್ಪತ್ರೆಯ ಡಾಕ್ಟರಮ್ಮ ಬೈದಳು. "ಇನ್ಫೆಕ್ಷನ್ ಆಗಿದೆ ಕಣಮ್ಮ. ನೀರು ಕುಡೀಬೇಕು, ಬಂದ್ರೆ ತಡೀಬಾರ್ದು. ಹೋದ ಸಲಾನೂ ನಿಂಗೆ ಮಗು ನಿಂತಿಲ್ಲ ಅಂತಿದೀಯ. ಇದಾದ್ರೂ ಬೇಕೋ ಬೇಡ್ವೋ?"

ಕಾಟನ್‌ಪೇಟೆಯ ಹಿಂದಿನ ಅವರ ಸಾಲುಮನೆಗೆ ವಾಪಸ್ಸಾಗುವಾಗ ಬಸ್ಸಿನಲ್ಲಿ ಮೀನಾ ಕೇಳಿದಳು, "ಅತ್ತೆ, ಬೇಕು ಅಂತ ಯಾರನ್ನ ಕೇಳೋದು?"

ಯಾರನ್ನು ಕೇಳುವುದೆಂದು ಅಂಜಮ್ಮನೂ ಯೋಚಿಸುತ್ತಿದ್ದಳು.

ಹಿತ್ತಲಿನ ಮೂಲೆಯಲ್ಲಿ ಓಣಿಗೆ ತಾಗಿಕೊಂಡು ಹಳೆಯ ಕಕ್ಕಸು ಇತ್ತು. ಎತ್ತರದ ಕಟ್ಟೆ, ಅದರಲ್ಲಿ ಕಂಡಿ, ಕಂಡಿಯ ಕೆಳಗೆ ಓಣಿಯ ಕಡೆಗೆ ತೆರೆಯುವ ಕಬ್ಬಿಣದ ಪುಟ್ಟ ಬಾಗಿಲು. ಒಳಗೆ ಕುಳಿತವರದನ್ನು ಹೊರಗಿನಿಂದ ಎಳೆದುಕೊಂಡು ಹೋಗುವುದಕ್ಕೆ ಮಾಡಿದ ಏರ್ಪಾಟು. ಎಷ್ಟೋ ವರ್ಷ ಅದರಲ್ಲಿ ಹಳೆಯ ಪೇಪರು ತುಂಬಿಟ್ಟಿದ್ದರು. ಈಗ ಖಾಲಿ ಮಾಡಿಸಿದ್ದರು. ತಲೆಯ ಮೇಲೆ ಸೂರಿತ್ತು, ಸುತ್ತ ಗೋಡೆಯಿತ್ತು. ಒಂದು ಕಮೋಡು ಇಟ್ಟು ಪೈಪು ಜೋಡಿಸಿದರೆ ಒಂದು ದಿನದ ಕೆಲಸ.

ಅದನ್ನೇ ಕೇಳಬೇಕೆಂದು ಅಂಜಮ್ಮ ಹೋದಾಗ ಡಿಸೈನರ್ ಆತ್ರೇಯ ಅದೇ ಕಕ್ಕಸಿನ ಮುಂದೆ ನಿಂತು ಮಾತಾಡುತ್ತಿದ್ದ. ಲಿನನ್ ಅಂಗಿಯ ಮೆತ್ತನೆಯ ಮಾತಿನ ಹುಡುಗ.

"ಇದನ್ನ ಕೆಡವೋದೇ ಬೇಡ ಮೇಡಂ. ರೀಡಿಂಗ್ ನುಕ್ ಮಾಡೋಣ, ಕೂತು ಓದೋಕೆ. ಎರಡು ಬೆತ್ತದ ಕುರ್ಚಿ, ಮೇಲಿಂದ ಒಂದು ಹಿತ್ತಾಳೆ ದೀಪ, ಗೋಡೆಗೆ ಬಳ್ಳಿ. ಆ ಪುಟ್ಟ ಕಬ್ಬಿಣದ ಬಾಗಿಲಿದೆಯಲ್ಲ, ಅದನ್ನ ಬಿಚ್ಚಿ, ಕ್ಲೀನ್ ಮಾಡಿ, ನಡುಮನೇಲಿ ಫ್ರೇಮ್ ಹಾಕ್ಸೋಣ. ಹಳೇ ಮನೆಗೆ ಅದರದ್ದೇ ಕತೆ ಇರುತ್ತೆ."

"ಥೂ, ಅದು ಯಾವುದರ ಬಾಗಿಲು ಅಂತ ಗೊತ್ತಲ್ವಾ ನಿಮಗೆ?"

"ಗೊತ್ತು. ಗೆಸ್ಟುಗಳಿಗೆ ಗೊತ್ತಾಗ್ಬೇಕು ಅಂತೇನಿಲ್ಲ."

ಶ್ರೀವಿದ್ಯಾ ಸ್ವಲ್ಪ ಯೋಚಿಸಿದಳು. "ಬಚ್ಚಲ ಒಲೆ ಬಾಗಿಲು ಅಂತ ಹೇಳಿದ್ರಾಯ್ತು," ಎಂದಳು. ಇಬ್ಬರೂ ನಕ್ಕರು.

"ಅಮ್ಮಾ," ಅಂಜಮ್ಮ ನಡುವೆ ಬಂದಳು. "ಕೆಲ್ಸ ಮುಗಿಯೋಗಂಟ ಈ ಕಕ್ಕಸು ನಮ್ ಹೆಣ್ಮಕ್ಳಿಗೆ ಬಿಟ್ಕೊಡ್ರಮ್ಮಾ. ನಮ್ ಹುಡುಗಿ ಬಸುರಿ. ಡಾಕ್ಟ್ರು ತಡೀಬೇಡ ಅಂದವ್ರೆ. ಮುಗುದ್ಮೇಲೆ ನಾವೇ ತೊಳ್ದು ಕೊಡ್ತೀವಿ."

"ಅಲ್ಲಿ ಜನ ಕೂತು ಕಾಫಿ ಕುಡೀತಾರೆ ಅಂಜಮ್ಮ," ಶ್ರೀವಿದ್ಯಾ ಹೇಳಿದಳು. ಕೂಗಾಡಲಿಲ್ಲ. "ಅಷ್ಟು ಕಷ್ಟ ಇದ್ರೆ ಮನೇಲಿ ಇರಿಸ್ಕೊ ಅವಳನ್ನ. ಕೆಲ್ಸಕ್ಕೆ ಕರ್ಕೊಂಡು ಬಂದಿದ್ಯಾಕೆ?"

ಆತ್ರೇಯ ತನ್ನ ಚೀಲದಿಂದ ವೈರ್ ಬ್ರಷ್ ತೆಗೆದು ಅಂಜಮ್ಮನ ಕೈಗೆ ಕೊಟ್ಟ. "ಅಜ್ಜಿ, ಈ ಬಾಗಿಲನ್ನ ಬಿಚ್ಚಿ ಚೆನ್ನಾಗಿ ಉಜ್ಜಿ. ತುಕ್ಕು ಪೂರ್ತಿ ಹೋಗೋದು ಬೇಡ. ಹಳೇದು ಅಂತ ಕಾಣ್ಬೇಕು."

ಅಂಜಮ್ಮ ಓಣಿಯಲ್ಲಿ ಕುಳಿತು ಉಜ್ಜಿದಳು. ಒಂದು ಕಾಲದಲ್ಲಿ ಇದೇ ಓಣಿಯಲ್ಲಿ ಮಲ ಹೊರುತ್ತಿದ್ದ ಅವಳ ತಾಯಿ ಮುನಿಯಮ್ಮ ಎಡಗೈಯಲ್ಲಿ ಈ ಬಾಗಿಲು ಎತ್ತಿ, ಬಲಗೈಯಲ್ಲಿ ಒಳಗಿನ ತಗಡು ಎಳೆಯುತ್ತಿದ್ದಳು. ಬೂದಿಯ ಡಬ್ಬ ಹಿಡಿದು ಹಿಂದೆ ನಿಲ್ಲುವುದು ಪುಟ್ಟ ಅಂಜಮ್ಮನ ಕೆಲಸ. ಎತ್ತುವ ಮುಂಚೆ ಮುನಿಯಮ್ಮ ಪ್ರತಿ ಮನೆಯ ಹಿಂದೆಯೂ ಕೂಗುತ್ತಿದ್ದಳು: "ಬಂದಿದೀನ್ರವ್ವಾ, ಏಳ್ರವ್ವಾ." ಮೇಲೆ ಯಾರಾದರೂ ಕುಳಿತಿದ್ದರೆ ಏಳಲಿ ಎಂದು. ಕೆಲವರು ಏಳುತ್ತಿದ್ದರು.

"ಮುನಿಯಮ್ಮನ ಮಗಳಾ ನೀನು?"

ಶ್ರೀವಿದ್ಯಾಳ ಮಾವ ರಾಮಾನುಜ ಊರುಗೋಲು ಹಿಡಿದು ಹಿತ್ತಲ ಬಾಗಿಲಲ್ಲಿ ನಿಂತಿದ್ದ. ಲಕ್ಷ್ಮಯ್ಯ ಹೇಳಿರಬೇಕು.

"ಹೂಂ ಸಾಮಿ."

"ಒಳ್ಳೆ ಹೆಂಗಸು. ಒಂದು ದಿನ ತಪ್ಪಿಸಿದವಳಲ್ಲ. ಮುಖ ಹೇಗಿತ್ತೋ, ನಾನು ನೋಡಿಲ್ಲ. ಕೈ ನೋಡಿದ್ದೆ. ಹಸಿರು ಬಳೆ." ಮುದುಕ ಹಳೆಯ ದಿನಗಳ ಖುಷಿಯಲ್ಲಿದ್ದ. "ನಾವಾಗ ಹುಡುಗ್ರು. ಏಳ್ರವ್ವಾ ಅಂತ ಕೂಗ್ತಿದ್ಲು. ನಾವು ಬೇಕು ಅಂತ್ಲೇ ಏಳ್ತಿರ್ಲಿಲ್ಲ. ಬಳೆ ಸದ್ದು ಕೇಳೋವರೆಗೂ ಕಾದು..." ಅವನು ನಕ್ಕ. "ಮಕ್ಕಳಾಟ."

ಅಂಜಮ್ಮನ ಕೈ ನಿಂತಿತು. ಬೀದಿ ನಲ್ಲಿಯ ಕೆಳಗೆ ಅವ್ವ ತೋಳು ತಿಕ್ಕುತ್ತಿದ್ದುದು ನೆನಪಾಯಿತು. ಚರ್ಮ ಕೆಂಪಾದರೂ ಬಿಡುತ್ತಿರಲಿಲ್ಲ. ಬೇರೆ ಯಾರನ್ನೂ ಬೈಯುತ್ತಿರಲಿಲ್ಲ. ಮಗಳನ್ನು ಮಾತ್ರ ಬೈಯುತ್ತಿದ್ದಳು: "ಅಳ್ಬೇಡ ಮುಂಡೆ, ಬೂದಿ ಕೊಡು."

"ಚೆನ್ನಾಗಿ ಉಜ್ಜು," ಎಂದು ಮುದುಕ ಒಳಗೆ ಹೋದ.

ಪೂಜೆಯ ದಿನ ಕೆಲಸದವರಿಗೂ ಬರಹೇಳಿದ್ದರು. ಹೆಂಗಸರಿಗೆ ಸೀರೆ, ಗಂಡಸರಿಗೆ ಪಂಚೆ, ನೆಂಟರ ಪಂಕ್ತಿಗಳೆಲ್ಲ ಎದ್ದ ಮೇಲೆ ಓಣಿಯಲ್ಲಿ ಊಟ. ಅಲ್ಲಿಯವರೆಗೆ ಒಡೆದ ಇಟ್ಟಿಗೆ, ಗಾರೆಯ ಮಿಕ್ಕ ಡೆಬ್ರಿಯನ್ನು ಮೂಟೆಗೆ ತುಂಬಬೇಕು. ಅಂಜಮ್ಮ ಬೇಡವೆಂದರೂ ಮೀನಾ ಬಂದಿದ್ದಳು, ಸೀರೆ ಬೇಕಾದವರು ತಾವೇ ಬಂದು ತೆಗೆದುಕೊಳ್ಳಬೇಕೆಂದು ಲಕ್ಷ್ಮಯ್ಯ ಹೇಳಿದ್ದನಂತೆ. ಡಾಕ್ಟರಮ್ಮ ಹೇಳಿದಂತೆ ಬೆಳಿಗ್ಗೆ ಚೊಂಬು ತುಂಬ ನೀರು ಕುಡಿದಿದ್ದಳು. ಈಗ ಓಣಿಯ ಗೋಡೆಗೆ ಕೈ ಕೊಟ್ಟು, ತೊಡೆಗಳನ್ನು ಬಿಗಿದು ನಿಂತಿದ್ದಳು. ತುಟಿ ಬಿಳಿಚಿತ್ತು. ಓಣಿಯ ತುಂಬ ನೆಂಟರ ಕಾರುಗಳು, ಡ್ರೈವರುಗಳು, ಮೇಲೆ ಕ್ಯಾಮೆರಾ.

"ಅತ್ತೆ, ಹೊಟ್ಟೆ ಕೆಳಗೆ ಕೊಯ್ತಾ ಐತೆ. ಹೋದ್ಸಲಾನೂ ಹಿಂಗೇ ಶುರುವಾಗಿದ್ದು."

ಆಗಲೇ ಲಕ್ಷ್ಮಯ್ಯ ಓಡಿಬಂದ. ಮೈಮೇಲೆ ಹೊಸ ಪಂಚೆಯಿತ್ತು. "ಅಂಜಮ್ಮ, ಬಕೇಟು ಬಟ್ಟೆ ತಗೊಂಡ್ ಬಾ. ಒಳಗೆ ನೆಲ ಒರಸ್ಬೇಕಂತೆ. ಹಿಂದ್ಗಡೆಯಿಂದ ಬರ್ಬೇಡ, ಹಿತ್ಲಲ್ಲಿ ಮಡಿ ಅಡುಗೆಯವ್ರವ್ರೆ. ಮುಂದ್ಗಡೆಯಿಂದ ಬಾ."

ಆ ಮನೆಯ ಮುಂಬಾಗಿಲನ್ನು ಅಂಜಮ್ಮ ದಾಟಿದ್ದು ಅದೇ ಮೊದಲು. ನಡುಮನೆಯಲ್ಲಿ ಹಸು ನಿಂತಿತ್ತು. ಕೊಂಬಿಗೆ ಅರಿಶಿನ, ಕೊರಳಿಗೆ ಸೇವಂತಿಗೆ, ಪಕ್ಕದಲ್ಲಿ ಕರು. ಹೊಸದಾಗಿ ಹೊಳೆಯುತ್ತಿದ್ದ ಕೆಂಪು ನೆಲದ ಮೇಲೆ ಅದು ಸಾವಕಾಶವಾಗಿ, ಧಾರೆಧಾರೆಯಾಗಿ ಉಚ್ಚೆ ಹೊಯ್ಯುತ್ತಿತ್ತು. ಶ್ರೀವಿದ್ಯಾ ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು, ಬಗ್ಗಿ, ಬೆಳ್ಳಿ ಬಟ್ಟಲು ಒಡ್ಡಿದ್ದಳು. ನೆಂಟರು ಮೊಬೈಲು ಎತ್ತಿದ್ದರು.

"ಶುಭ, ಮಹಾ ಶುಭ," ಪುರೋಹಿತ ಹೇಳಿದ. "ಕಾದು ಕೂತ್ರೂ ಮಾಡಲ್ಲ ಎಷ್ಟೋ ಮನೇಲಿ. ಆತುರ ಪಡಿಸ್ಬೇಡಿ, ಅದರ ಪಾಡಿಗೆ ಬಿಡಿ."

ಎದುರು ಗೋಡೆಯ ಮೇಲೆ, ಎರಡು ಸಣ್ಣ ದೀಪಗಳ ಬೆಳಕಿನಲ್ಲಿ, ಚೌಕಟ್ಟು ಹಾಕಿದ ಕಬ್ಬಿಣದ ಬಾಗಿಲು ಇತ್ತು. ಒಬ್ಬಾಕೆ ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಿದ್ದಳು. ಮೆಟ್ಟಿಲ ಕೆಳಗಿನ ಬಾತ್‌ರೂಮಿನ ಬೀಗ ತೆಗೆದಿದ್ದರು. ಬಾಗಿಲಿಗೆ ಮಾವಿನ ಎಲೆ ಸಿಕ್ಕಿಸಿತ್ತು.

"ಅಲ್ಲಿ, ಅಂಚಿನಲ್ಲಿ ಮೊದಲು ಒರಸು," ಶ್ರೀವಿದ್ಯಾ ಬಟ್ಟಲು ಎತ್ತಿಕೊಳ್ಳುತ್ತ ಹೇಳಿದಳು.

ಅಂಜಮ್ಮ ಬಕೇಟನ್ನು ನಡುಮನೆಯ ಮಧ್ಯದಲ್ಲಿ ಇಟ್ಟಳು. ತಿರುಗಿ ಹೊರಗೆ ಹೋದಳು. ಮನೆಯನ್ನು ಸುತ್ತಿ ಓಣಿಗೆ ಹೋಗಿ ಮೀನಾಳ ರಟ್ಟೆ ಹಿಡಿದಳು.

"ನಡಿ."

"ಎಲ್ಲಿಗೆ ಅತ್ತೆ? ಬೈತಾರೆ."

"ಬೈಲಿ. ನಡಿ."

ಮುಂಬಾಗಿಲಿಗೆ ಬಂದಾಗ ಒಳಗೆ ಜನ ಒತ್ತೊತ್ತಾಗಿ ನಿಂತಿದ್ದರು. ಅಂಜಮ್ಮ ಹೊಸ್ತಿಲ ಮೇಲೆ ನಿಂತು, ಹೊಟ್ಟೆಯಿಂದ ಉಸಿರೆಳೆದು ಕೂಗಿದಳು.

"ಬಂದಿದೀನ್ರವ್ವಾ, ಏಳ್ರವ್ವಾ."

ಓಣಿಯ ಉದ್ದಕ್ಕೂ ಕೇಳುವಂಥ ಕೂಗು. ಮಂತ್ರ ನಿಂತಿತು. ಹಸುವಿನ ಪಕ್ಕ ಕುರ್ಚಿಯಲ್ಲಿದ್ದ ರಾಮಾನುಜ ಊರುಗೋಲು ಇಲ್ಲದೆಯೇ ದಡಕ್ಕನೆ ಎದ್ದು ನಿಂತ. ಯಾಕೆ ಎದ್ದೆನೆಂದು ಅವನಿಗೇ ತಿಳಿದಂತಿರಲಿಲ್ಲ.

ಜನ ಪಕ್ಕಕ್ಕೆ ಸರಿದರು. ಒಂದಿಬ್ಬರು ಸೀರೆ ಎಳೆದುಕೊಂಡು ಸರಿದರು. ಅಂಜಮ್ಮ ಸೊಸೆಯನ್ನು ನೆಟ್ಟಗೆ ನಡೆಸಿಕೊಂಡು ಹೋಗಿ ಬಾತ್‌ರೂಮಿನೊಳಗೆ ತಳ್ಳಿ, ಬಾಗಿಲು ಎಳೆದಳು. ಒಳಗಿನಿಂದ ಚಿಲಕ ಬಿದ್ದ ಸದ್ದಾದ ಮೇಲೆ ಆ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತಳು.

"ಅಂಜಮ್ಮ, ಏನಿದು? ಪುಣ್ಯಾಹ ಆಗಿದೆ." ಶ್ರೀವಿದ್ಯಾಳ ಕೈಯಲ್ಲಿ ಬಟ್ಟಲು ಇನ್ನೂ ಇತ್ತು. "ಈಚೆ ಕರಿ ಅವಳನ್ನ."

"ಆತುರ ಪಡಿಸ್ಬೇಡ್ರಮ್ಮ. ಅದರ ಪಾಡಿಗೆ ಬಿಡಿ."

ಲಕ್ಷ್ಮಯ್ಯ ಹಲ್ಲು ಕಚ್ಚಿ ಬಂದ. "ನನ್ ಅನ್ನಕ್ಕೆ ಮಣ್ಣಾಕ್ತಿಯೇನೇ ಬೋಸುಡಿ? ಏಳೇ." ಅವಳ ತೋಳು ಹಿಡಿದು ಎಳೆದ.

"ಎಳಿ ಮೇಸ್ತ್ರಿ," ಅಂಜಮ್ಮ ಹೇಳಿದಳು. "ನಾಯಿ ಎಳ್ದಂಗೆ ಎಳಿ. ಎಲ್ರ ಕೈಲೂ ಕ್ಯಾಮೆರಾ ಅದೆ."

ಅವನು ಕೈ ಬಿಟ್ಟ.

ಒಳಗೆ ಸದ್ದೇ ಇರಲಿಲ್ಲ. ಆಮೇಲೆ ಬಾಗಿಲ ಸಂದಿನಿಂದ ಮೀನಾಳ ದನಿ ಬಂತು. "ಅತ್ತೆ, ಬರ್ತಾ ಇಲ್ಲ. ಕಟ್ಕೊಂಡ್ಬಿಟ್ಟೈತೆ. ಉರಿ ತಡಿಯಕ್ಕಾಗ್ತಿಲ್ಲ." ಅವಳು ಅಳುತ್ತಿದ್ದಳು.

"ಬರುತ್ತೆ. ಕೂತ್ಕೊ. ಯಾರೂ ಬರಲ್ಲ, ನಾನಿದೀನಿ."

ಅಂಜಮ್ಮ ತಲೆಯನ್ನು ಬಾಗಿಲಿಗೆ ಒರಗಿಸಿದಳು. ಕಣ್ಣೆದುರು ಗೋಡೆಯ ಮೇಲೆ ಅವ್ವನ ಕಬ್ಬಿಣದ ಬಾಗಿಲು ದೀಪದಲ್ಲಿ ಮಿನುಗುತ್ತಿತ್ತು. ಅದನ್ನೇ ನೋಡುತ್ತ, ತುಟಿ ಸ್ವಲ್ಪವೇ ತೆರೆದು, ಎಳೆಗೂಸನ್ನು ಕಾಲ ಮೇಲೆ ಕೂರಿಸಿಕೊಂಡು ಉಚ್ಚೆ ಹೊಯ್ಯಿಸುವಾಗ ತಾಯಂದಿರು ಮಾಡುವ ಸದ್ದು ಮಾಡತೊಡಗಿದಳು.

"ಸ್ಸ್ಸ್... ಸ್ಸ್ಸ್..."

ಪುರೋಹಿತನ ಕೈಯಲ್ಲಿ ಅಕ್ಷತೆ ಹಾಗೇ ಇತ್ತು. ಹಸು ಬಾಲ ಬೀಸಿತು. ನಡುಮನೆಯ ತುಂಬ ಅದೊಂದೇ ಸದ್ದು. ಬೇಡವೆಂದರೂ ಎಲ್ಲರ ಕಿವಿ ಆ ಮುಚ್ಚಿದ ಬಾಗಿಲ ಕಡೆಗಿತ್ತು. ಒಳಗೆ ಇನ್ನೂ ಏನೂ ಕೇಳಿಸುತ್ತಿರಲಿಲ್ಲ.