ಒಂದೇ ಒಂದು ಬೈಗುಳ

ಬಾಯಿ ಬಿಟ್ಟರೆ ಬೆಂಕಿ ಉಗುಳುತ್ತಿದ್ದ ಹೆಂಗಸು ಅವಳು. ಅಂಗಡಿಯಲ್ಲಿ ಇಸ್ತ್ರಿ ಪೆಟ್ಟಿಗೆಯನ್ನು ಮೇಜಿನ ಮೇಲೆ ದಬ್ ಎಂದು ಕುಕ್ಕಿ ಮಗನಿಗೆ ಒಂದು ಬೈಗುಳ. ಅಂಗಿ ಮಗುಚಿ ಹಾಕಿ ಇನ್ನೊಂದು. ಆ ದಬ್ಬನ್ನೇ ತಾಳ ಮಾಡಿಕೊಂಡು, ಆ ಬೈಗುಳಗಳನ್ನೇ ಹಾಡಾಗಿ ಕಟ್ಟಿ ಮಗ ರ‍್ಯಾಪರ್ ಆದ. ಅವಳು ಕರೆಯುತ್ತಿದ್ದ ‘ಮೊಂಡ’ ಎಂಬ ಹೆಸರನ್ನೇ ಆಲ್ಬಮ್ಮಿನ ಮೇಲೆ ಹಾಕಿಕೊಂಡ. ಅದರಲ್ಲಿ ಅವಳದೇ ಒಂದು ಬೈಗುಳ ಊರಿಗೆಲ್ಲ ಹಿಡಿಯಿತು: “ಊರವರ ಸುಕ್ಕೆಲ್ಲ ಬಿಡಿಸಿದೆ, ನಿನ್ನ ಸೊಕ್ಕೊಂದು ಬಿಡಿಸೋಕಾಗ್ಲಿಲ್ಲ!” ಬಸ್ಸಿನಲ್ಲಿ ಅದೇ, ಕಟಿಂಗ್ ಅಂಗಡಿಯಲ್ಲಿ ಅದೇ, ಹಾಲುಹಲ್ಲಿನ ಮಕ್ಕಳ ಬಾಯಲ್ಲೂ ಅದೇ.

ಆಮೇಲೆ ಶುರುವಾಯಿತು ನೋಡಿ ಕರ್ಮ. ಬಟ್ಟೆ ಕೊಡಲು ಬಂದವರೆಲ್ಲ ಫೋನು ಎತ್ತಿ ಹಿಡಿದು, “ಅಮ್ಮಾ, ನಮಗೂ ಒಂದು ಬೈಯಿರಮ್ಮಾ” ಎಂದು ಹಲ್ಲು ಕಿರಿದರು. ಹೆತ್ತವಳ ಸಿಟ್ಟೇನು ಕೋತಿ ಆಟವೇ? ಅವಳು ಬಾಯಿಗೆ ಬೀಗ ಹಾಕಿಕೊಂಡಳು. ಮಗನಿಗೂ ಅಷ್ಟೇ. “ಬಂದ್ಯಾಪ್ಪ? ಊಟ ಆಯ್ತಾ?” ಅಲ್ಲಿಗೆ ಮಾತು ಮುಗಿಯಿತು.

ಎರಡನೇ ಆಲ್ಬಮ್ಮಿಗೆ ಮೊಂಡ ತಿಂಗಳುಗಟ್ಟಲೆ ಬರೆದ, ಹರಿದ, ಮತ್ತೆ ಬರೆದ. ಸ್ಟುಡಿಯೋದವನು ಕೇಳಿ ಹೆಡ್‌ಫೋನ್ ಕಿತ್ತಿಟ್ಟ.

“ನಿನ್ನ ಸ್ವಂತದ್ದೆಲ್ಲ ಸಪ್ಪೆ ಗುರು. ನಿಮ್ಮಮ್ಮನ ಹತ್ರ ಹೋಗಿ ನಾಲ್ಕು ಬೈಸ್ಕೊಂಡು ಬಾ. ಇಲ್ಲಾಂದ್ರೆ ಈ ಆಲ್ಬಮ್ ಇಲ್ಲಿಗೇ ಬಿಡು.”

ಮಧ್ಯಾಹ್ನ ಅಂಗಡಿಗೆ ಹೋದ. ಜೇಬಿನಲ್ಲಿ ಫೋನು ರೆಕಾರ್ಡ್ ಮಾಡುತ್ತಿತ್ತು. ಉದುರಿದ ಗುಂಡಿ ಹುಡುಕಲು ಅವಳು ಬಗ್ಗಿದ್ದೇ ತಡ, ಯಾರದೋ ಬಿಳಿ ಅಂಗಿಯ ಬೆನ್ನಿಗೆ ಕಾದ ಪೆಟ್ಟಿಗೆಯನ್ನು ಬೇಕೆಂದೇ ಒತ್ತಿ ಹಿಡಿದ. ಹೊಗೆ ಎದ್ದಿತು. ಮೊದಲಾಗಿದ್ದರೆ ಅವನ ಚರ್ಮ ಸುಲಿದು ಅದಕ್ಕೂ ಇಸ್ತ್ರಿ ಹಾಕುತ್ತಿದ್ದಳು.

ಎದ್ದವಳು ಅಂಗಿಯನ್ನು ನೋಡಿದಳು. ಆಮೇಲೆ ಅವನ ಜೇಬನ್ನು ನೋಡಿದಳು.

“ಪರವಾಗಿಲ್ಲ ಬಿಡಪ್ಪ. ಅದ್ರಲ್ಲಿ ಚೆನ್ನಾಗಿ ಬಂತಾ?”

ಮೊಂಡನ ಮುಖ ಆ ಸುಟ್ಟ ಅಂಗಿಗಿಂತ ಕರ್ರಗಾಯಿತು. ಫೋನು ತೆಗೆದು, ಆರಿಸಿ, ಮೇಜಿನ ಮೇಲಿಟ್ಟ.

“ಹಾಡಿಗೆ ಬೇಡಮ್ಮ. ಆಲ್ಬಮ್ ಹಾಳಾಗಿಹೋಗ್ಲಿ. ನನಗೆ ಬೈಯಿ. ಒಂದೇ ಒಂದು.”

ಅವಳು ಸುಟ್ಟ ಅಂಗಿಯನ್ನು ಕೈಗೆತ್ತಿಕೊಂಡು ಎದೆ ತುಂಬ ಉಸಿರೆಳೆದಳು. ಪೆಟ್ಟು ತಿನ್ನಲು ನಿಂತ ಹುಡುಗನಂತೆ ಮಗ ತಲೆ ಬಗ್ಗಿಸಿದ.

“ಊರವರ ಸುಕ್ಕೆಲ್ಲ ಬಿಡಿಸಿದೆ…”

ಅಲ್ಲಿ ನಿಂತಳು. ಹಾಡಿನಲ್ಲಿ ಅವನು ಉಸಿರು ತೆಗೆದುಕೊಂಡ ಜಾಗ ಅದು. ಬೈಯುವಾಗ ಅವಳು ಅಲ್ಲಿ ಒಂದು ದಿನವೂ ನಿಂತವಳಲ್ಲ. ಅದು ಅವಳಿಗೂ ತಿಳಿಯಿತು.

“ಬೇರೆ ಯಾವ್ದೂ ಬರ್ತಿಲ್ಲ ಕಣೋ,” ಎಂದಳು ಮೆಲ್ಲಗೆ. “ಬಾಯಿ ತೆಗೆದ್ರೆ ನಿನ್ನ ಹಾಡೇ ಬರುತ್ತೆ.”

ಬಟ್ಟೆ ಗಂಟು ಹಿಡಿದು ಬಾಗಿಲಲ್ಲಿ ನಿಂತಿದ್ದ ಗಿರಾಕಿ ಉಳಿದರ್ಧ ಸಾಲನ್ನು ಜೋರಾಗಿ ಹಾಡಿ ಚಪ್ಪಾಳೆ ತಟ್ಟಿದ. ಅವಳು ಮಗನ ಕಡೆ ತಿರುಗದೆ ಗಂಟು ಇಸಿದುಕೊಂಡಳು.

“ನಾಳೆ ಬನ್ನಿ ಸಾರ್,” ಎಂದಳು.