ನೇರಕ್ಕೆ ಅಂಟಿಸಿದ ಪಟ್ಟಿ

ಮಿನೋರಿ ಬಾಗಿಲು ಸರಿಸಿದ ಕೂಡಲೇ ಒಳಗಿನ ಮಾತು ನಿಂತುಹೋಯಿತು.

ಹುಡುಗಿಯರ ಮಾತು, ನಿಂತರೆ ನಿಲ್ಲಲಿ ಎಂದು ಬೇರೆ ಯಾರಾದರೂ ಸುಮ್ಮನಿರುತ್ತಿದ್ದರು. ಆದರೆ ಅಪ್ಪನ ವರ್ಗಾವಣೆಯ ಬೆನ್ನು ಹಿಡಿದು ಊರೂರು ಸುತ್ತಿದ ಮಿನೋರಿ ಮಾತು ನಿಲ್ಲುವ ಬಗೆಗಳನ್ನೆಲ್ಲ ಅರೆದು ಕುಡಿದಿದ್ದಳು. ನಮ್ಮನ್ನು ಆಡಿಕೊಳ್ಳುತ್ತಿದ್ದಾಗ ನಿಲ್ಲುವುದು ಒಂದು ಬಗೆ. ನಮ್ಮನ್ನು ಹೇಗೆ ಕಳಚಿಕೊಳ್ಳುವುದೆಂದು ಮಸಲತ್ತು ನಡೆಸುತ್ತಿದ್ದಾಗ ನಿಲ್ಲುವುದು ಇನ್ನೊಂದು ಬಗೆ. ಇದು ಎರಡನೆಯದೇ ಎಂದು ಶೂ ಬಿಚ್ಚಿಡುವಷ್ಟರಲ್ಲಿ ಅವಳು ತೀರ್ಮಾನಿಸಿಬಿಟ್ಟಳು.

ಮುಂದಿನ ವಾರ ಶಾಲೆಯ ಶರತ್ಕಾಲದ ಉತ್ಸವ. ಅಂದು ಕೋಟೊ ವಾದ್ಯದ ಕೂಟದ ಜೊತೆ ವೇದಿಕೆಯಲ್ಲಿ ಕೂತವಳೇ ಕೂಟದವಳು. ಕೂರದವಳು ವಸಂತದಿಂದ ದಿನಾ ಬಂದು ಕಸ ಗುಡಿಸಿದ್ದರೂ ಬರೀ ಬಂದುಹೋದವಳು. ಮಿನೋರಿಗೆ ಆ ವೇದಿಕೆ ಬೇಕಿತ್ತು. ಎಷ್ಟು ಬೇಕಿತ್ತೆಂದರೆ, ಮನೆಯಲ್ಲಿ ಅಮ್ಮನ ಹತ್ತಿರ ಅದರ ಸುದ್ದಿ ಎತ್ತುವುದಕ್ಕೂ ಹೆದರುತ್ತಿದ್ದಳು.

ಅವಳ ಹತ್ತಿರ ಮುಚ್ಚಿಡುವಂಥದ್ದೂ ಒಂದಿತ್ತು. ಕೋಟೊದ ತಂತಿ ಮೀಟುವುದು ಬಲಗೈಯ ಮೂರು ಬೆರಳಿಗೆ ತೊಡುವ ದಂತದ ಉಗುರುಗಳಿಂದ. ಈ ಫುಕುಯಾಮಾದಲ್ಲಿ ಅವಳು ಕಂಡವರೆಲ್ಲ ಇಕುತಾ ಪದ್ಧತಿಯವರು. ಅವರ ಉಗುರು ಚೌಕ, ಅದರ ಮೂಲೆ ತಂತಿಗೆ ತಾಗಲೆಂದು ವಾದ್ಯದ ಮುಂದೆ ಓರೆಯಾಗಿ ಕೂರುತ್ತಾರೆ. ಮಿನೋರಿಗೆ ಕಲಿಸಿದ್ದು ಟೋಕಿಯೋದ ಅಜ್ಜಿ. ಆಕೆಯದು ಯಾಮಾದಾ ಪದ್ಧತಿ. ಉಗುರಿನ ತುದಿ ದುಂಡಗೆ, ಕೂರುವುದು ವಾದ್ಯಕ್ಕೆ ಎದುರಾಗಿ, ನೆಟ್ಟಗೆ. ಅಜ್ಜಿ ಕೊಟ್ಟ ಉಗುರುಗಳನ್ನು ಮಿನೋರಿ ಬಟ್ಟೆಚೀಲದಲ್ಲಿ ಹಾಕಿ ಬ್ಯಾಗಿನ ತಳದಲ್ಲಿ ಹುದುಗಿಸಿದ್ದಳು. ಕೂಟದ ಡಬ್ಬಿಯಿಂದ ಚೌಕದ ಉಗುರು ತೆಗೆದುಕೊಂಡು, ಸೊಂಟ ತಿರುಚಿ ಓರೆಯಾಗಿ ಕೂತು, ಮೂಲೆಯಲ್ಲಿ ಅಭ್ಯಾಸ ಮಾಡುತ್ತಿದ್ದಳು. ನಾದ ಮಾತ್ರ ಒದ್ದೆ ಹಲಗೆ ಬಡಿದಂತೆ ಬರುತ್ತಿತ್ತು. ಬರಲಿ, ಎಲ್ಲರಂತೆ ಕಂಡರೆ ಸಾಕು ಎಂದುಕೊಂಡಿದ್ದಳು.

ಅವಳ ಅನುಮಾನಕ್ಕೆ ಆಧಾರವೂ ಇತ್ತು. ಯಾರು ಎಲ್ಲಿ ಕೂರಬೇಕೆಂದು ತೋರಿಸಲು ಮಳೆಗಾಲದಲ್ಲೇ ಹಲಗೆ ನೆಲದ ಮೇಲೆ ಬಿಳಿ ಪಟ್ಟಿಗಳನ್ನು ಅಂಟಿಸಿದ್ದರು. ಕೂರುವ ಒಂದೊಂದು ದಿಂಬಿಗೂ ಒಂದೊಂದು ಓರೆ ಪಟ್ಟಿ. ಎಲ್ಲ ಓರೆ ಪಟ್ಟಿಗಳ ಮೇಲೂ ಯಾರಾದರೊಬ್ಬರು ಕೂರುತ್ತಿದ್ದರು. ಸಾಲಿನ ನಟ್ಟನಡುವೆ ಮಾತ್ರ ಒಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದರು. ಅಲ್ಲಿದ್ದದ್ದು ನೇರಕ್ಕೆ ಹೋದ ಒಂದು ಪಟ್ಟಿ ಅಷ್ಟೇ. ಹಿಂದೆ ಈ ಕೋಣೆಯಲ್ಲಿದ್ದ ಪಿಂಗ್‌ಪಾಂಗ್ ಮೇಜಿನ ಗುರುತಿರಬೇಕು. ಆ ಜಾಗಕ್ಕೆ ಯಾರೋ ದೊಡ್ಡ ಕಲಾವಿದೆಯನ್ನು ಹೊರಗಿನಿಂದ ಕರೆಸುತ್ತಾರೆ ಎಂಬುದರಲ್ಲಿ ಮಿನೋರಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ಇವತ್ತು ಡಬ್ಬಿ ತೆರೆದರೆ ಅವಳು ದಿನಾ ತೊಡುತ್ತಿದ್ದ ಚೌಕದ ಉಗುರುಗಳೇ ಇಲ್ಲ.

"ನಾಗಿ, ಇಲ್ಲಿದ್ದ ಉಗುರು ನೋಡಿದ್ಯಾ?"

ನಾಗಿ ಅವಳ ಓರಗೆಯವಳು. ಸುಳ್ಳು ಹೇಳಲು ಬಾರದ ಹುಡುಗಿ. ಸೂರು ನೋಡುತ್ತ, "ನಂಗೇನ್ ಗೊತ್ತಪ್ಪ? ನಾನಂತೂ ತೆಗ್ದಿಲ್ಲ" ಎಂದಳು.

"ನೀನಲ್ಲದಿದ್ರೆ ಇನ್ಯಾರು ತೆಗೆದ್ರು?"

ನಾಗಿಯ ಕಣ್ಣು ಕೂಟದ ಮುಖ್ಯಸ್ಥೆ ಚಿಗುಸಾಳ ಕಡೆಗೆ ಓಡಿತು. ಚಿಗುಸಾ ಮೇಲಿನ ತರಗತಿಯವಳು, ಎಲ್ಲರಿಗೂ 'ಸೆಂಪಾಯ್'. ಆಕೆ ಕೋಟೊದ ತಂತಿಗಳಡಿಯ ಕುದುರೆಗಳನ್ನು ಸರಿಸಿ ಶ್ರುತಿ ಮಾಡುತ್ತಿದ್ದಳು. ತಲೆಯನ್ನೂ ಎತ್ತದೆ, "ನಾನೇ ತೆಗೆದಿಟ್ಟೆ" ಎಂದಳು.

ಮಿನೋರಿಯ ಮೈಯೆಲ್ಲ ಉರಿದುಹೋಯಿತು.

"ನಂಗೊತ್ತಿತ್ತು, ಸೆಂಪಾಯ್! ಬೇಡದಿದ್ರೆ ಬೇಡ ಅಂತ ಬಾಯಿ ಬಿಟ್ಟು ಹೇಳ್ಬೇಕಿತ್ತು. ಹೀಗೆ ಉಗುರು ಕದ್ದು ಓಡಿಸ್ಬೇಕಾ?"

"ಓಡಿಸೋಕಲ್ಲ ಕಣೇ. ನಿನ್ನ ದುಂಡುಗುರು ಹೊರಗೆ ಬರ್ಲಿ ಅಂತ."

ಮಿನೋರಿ ಬ್ಯಾಗನ್ನು ಎದೆಗವಚಿಕೊಂಡಳು. "ನನ್ನ ಬ್ಯಾಗ್ ತಡಕಾಡಿದ್ರಾ?"

"ಬ್ಯಾಗ್ ಯಾಕೆ ತಡಕಾಡ್ಲಿ? ಕಿವಿ ಇಲ್ವಾ ನಂಗೆ?" ಚಿಗುಸಾ ಈಗ ಎದ್ದು ನಿಂತಳು. "ಮಳೆಗಾಲದಲ್ಲಿ ಒಂದಿನ ಬೆಳಿಗ್ಗೆ ನೀನೊಬ್ಳೇ ಬಂದು ಬಾರಿಸ್ತಿದ್ದೆ. ಬಾಗಿಲ ಹೊರಗೆ ನಿಂತು ಕೇಳ್ದೆ. ನಮ್ಮಪ್ಪ ಕೋಟೊ ಕೆತ್ತೋರು, ಯಾವ ಉಗುರಿನ ನಾದ ಅಂತ ನಂಗೆ ಗೊತ್ತಾಗಲ್ವಾ? ಎಂಥಾ ನಾದ ಅದು! ಮಾರನೇ ದಿನ ನೋಡಿದ್ರೆ ಮತ್ತೆ ಮೂಲೇಲಿ ಕೂತು ಟಪ್ ಟಪ್ ಅಂತಿದ್ದೀಯ."

"ಹಾಗಿದ್ರೆ ಕೇಳ್ಬಹುದಿತ್ತಲ್ಲ?"

"ಮುಚ್ಚಿಟ್ಟಿರೋದನ್ನ ಹೇಗೆ ಕೇಳೋದು? ಅದೂ ಅಲ್ದೆ..." ಚಿಗುಸಾ ತಡವರಿಸಿದಳು. "ಟೋಕಿಯೋದೋಳು, ನಮ್ಮಂಥೋರ ಜೊತೆ ಕೂರೋಕೆ ನಾಚ್ಕೆ, ಇವತ್ತಲ್ಲ ನಾಳೆ ಬಿಟ್ಟು ಹೋಗ್ತಾಳೆ ಅಂತ ನಾಗಿ ಹೇಳ್ತಿದ್ಲು."

"ನಾನೊಬ್ಳೇನಾ?" ನಾಗಿ ಕಿರುಚಿದಳು. "ಎಲ್ರೂ ಅಂದ್ರಿ! ಜಾಗ ಮಾಡಿಟ್ರೂ ಮೂಲೆ ಹಿಡ್ಕೊಂಡ್ ಕೂರ್ತಾಳೆ, ಎಷ್ಟು ಕೊಬ್ಬು ಅಂತ ನೀವೇ ಅಂದಿದ್ದು, ಸೆಂಪಾಯ್!"

"ಯಾವ ಜಾಗ?" ಎಂದಳು ಮಿನೋರಿ.

ಚಿಗುಸಾ ಕಾಲ ಹೆಬ್ಬೆರಳಿನಿಂದ ಸಾಲಿನ ನಡುವಿನ ನೇರ ಪಟ್ಟಿಯನ್ನು ತೋರಿಸಿದಳು.

"ಓರೆಯಾಗಿ ಕೂರೋರಿಗೆ ಓರೆ ಪಟ್ಟಿ. ನೆಟ್ಟಗೆ ಕೂರೋಳು ನಮ್ಮಲ್ಲಿ ಇನ್ಯಾರಿದ್ದಾರೆ?"

ಅನುಮಾನ ಅಷ್ಟು ಬೇಗ ಬಿಟ್ಟುಹೋಗುವ ಕಾಯಿಲೆಯಲ್ಲ. ತನ್ನ ಬಾಯಿ ಮುಚ್ಚಿಸಲು ಈಗ ತಾನೇ ಕಥೆ ಕಟ್ಟುತ್ತಿದ್ದಾರೆ ಎಂದೇ ಮಿನೋರಿಗೆ ಅನ್ನಿಸಿತು. ಮೇಜಿನ ಗುರುತನ್ನು ತೋರಿಸಿ ಏಮಾರಿಸುತ್ತಿದ್ದಾರೆ! ಅವಳು ಮೊಣಕಾಲೂರಿ ಪಟ್ಟಿಯನ್ನು ಪರೀಕ್ಷಿಸಿದಳು. ಉಳಿದವುಗಳಂಥದೇ ಪಟ್ಟಿ, ಅಷ್ಟೇ ಅಗಲ. ತುದಿಯಲ್ಲಿ, ಎಲ್ಲರ ಪಟ್ಟಿಯ ಮೇಲೂ ಇದ್ದಂತೆ, ಸಣ್ಣ ಅಕ್ಷರದಲ್ಲಿ ಒಂದು ಹೆಸರು. ಕೊಳೆ ಹಿಡಿದು ಮಸುಕಾಗಿತ್ತು. ಹೆಬ್ಬೆರಳಿನಿಂದ ಉಜ್ಜಿದಳು. ಮಿನೋರಿ ಎಂದಿತ್ತು.

ಉಳಿದ ಪಟ್ಟಿಗಳ ಮೇಲೆ ದಿಂಬು ಬಿದ್ದು ಅವು ಬೆಳ್ಳಗೇ ಉಳಿದಿದ್ದವು. ಇದೊಂದೇ ಕರ್ರಗಾಗಿತ್ತು. ಮಳೆಗಾಲದಿಂದಲೂ ದಿನಾ ಕೋಟೊ ಹೊತ್ತುಕೊಂಡು ಮೂಲೆಗೆ ಹೋಗುವಾಗ ಅದನ್ನು ತುಳಿದುಕೊಂಡು ಹೋದವಳು ಅವಳೇ.

ಮಿನೋರಿಗೆ ಅಳು ಬಂತು. ತಡೆಯಲು ಹೋಗಲಿಲ್ಲ. ಮೂಗು ಸೊರಗುಟ್ಟುತ್ತಲೇ ಬ್ಯಾಗಿನ ತಳಕ್ಕೆ ಕೈ ಹಾಕಿ ಬಟ್ಟೆಚೀಲ ತೆಗೆದಳು. ಉಗುರು ಜಾರದಂತೆ ಅದರ ಚರ್ಮದ ಉಂಗುರವನ್ನು ನಾಲಿಗೆಯಿಂದ ಒದ್ದೆ ಮಾಡಿ ತೊಡುವುದು ವಾಡಿಕೆ. ಇವತ್ತು ಅದರ ಅಗತ್ಯ ಬೀಳಲಿಲ್ಲ, ಕೆನ್ನೆ ಒರೆಸಿಕೊಂಡ ಬೆರಳು ಆಗಲೇ ಒದ್ದೆಯಾಗಿತ್ತು.

"ಅತ್ತಿದ್ದು ಸಾಕು, ಬಾ. ಕೋಟೊ ಹಿಡಿ" ಎಂದಳು ನಾಗಿ. ಇಬ್ಬರೂ ಸೇರಿ ವಾದ್ಯವನ್ನು ಎತ್ತಿ ತಂದು ನಡುವಿನ ಖಾಲಿ ಜಾಗದಲ್ಲಿ ಇಟ್ಟರು.

ಮಿನೋರಿ ಕೂತಳು, ನೆಟ್ಟಗೆ. ಎಡಬಲದ ಹುಡುಗಿಯರು ಓರೆಯಾಗಿ ಕೂತು ಅವಳ ಬಗ್ಗೆಯೇ ಏನೋ ಪಿಸುಗುಟ್ಟುತ್ತಿದ್ದರು. ಅವಳು ತಿರುಗಿ ನೋಡಿದಳು. ಈ ಸಲ ಮಾತು ನಿಲ್ಲಲಿಲ್ಲ.