ಬಟ್ಟೆ ಕ್ಲಿಪ್ಪಿನ ಪಿಟೀಲು

ನಾಲ್ಕರಿಂದ ನಾಲ್ಕೂವರೆ. ಇಡೀ ದಿನದಲ್ಲಿ ಪಿಟೀಲಿಗೆಂದು ನನಗೆ ಮಿಗುವುದು ಇಷ್ಟೇ. ಮೂರೂಮುಕ್ಕಾಲಿಗೆ ಕಾಲೇಜಿನಿಂದ ಕಾಲೆಳೆದುಕೊಂಡು ಬರುತ್ತೇನೆ, ಐದಕ್ಕೆ ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ನಿಲ್ಲಬೇಕು. ಆ ಅರ್ಧ ಗಂಟೆಯಲ್ಲೇ ನನ್ನಕ್ಕ ಗಾಢ ನಿದ್ದೆಯಲ್ಲಿರುತ್ತಾಳೆ. ಅವಳು ಆಸ್ಪತ್ರೆಯಲ್ಲಿ ನರ್ಸು, ರಾತ್ರಿ ಪಾಳಿ. ನಮ್ಮಿಬ್ಬರಿಗೂ ಇರುವುದು ಒಂದೇ ಕೋಣೆ.

ಅದಕ್ಕೇ ನಾನೊಂದು ಘನಂದಾರಿ ಉಪಾಯ ಹೂಡಿದ್ದೆ. ತಂತಿಗಳನ್ನು ಹೊತ್ತು ನಿಲ್ಲುವ ಮರದ ಕುದುರೆಗೆ ಬಟ್ಟೆ ಒಣಹಾಕುವ ಎರಡು ಕ್ಲಿಪ್ಪು ಕಚ್ಚಿಸುವುದು. ಸದ್ದು ಅರ್ಧಕ್ಕರ್ಧ ಸತ್ತುಹೋಗುತ್ತದೆ. ಅದೂ ಸಾಲದೆಂದು ಕಮಾನನ್ನು ತಾಗಿಯೂ ತಾಗದ ಹಾಗೆ ಎಳೆಯುತ್ತಿದ್ದೆ. ಸುಸ್ತಾದ ದಿನ ಅದೂ ಇಲ್ಲ. ಅಕ್ಕನ ನಿದ್ದೆ ಕೆಡುತ್ತದೆ ಎಂಬ ನೆಪ ರೆಡಿ ಇರುತ್ತಿತ್ತು. ವಾರದಲ್ಲಿ ಸುಸ್ತಾಗದ ದಿನ ಎಷ್ಟು ಎಂದು ಮಾತ್ರ ಕೇಳಬೇಡಿ.

ಗುರುವಾರ ಅಂಗಡಿಗೆ ರಜ, ಪಿಟೀಲಿನ ಪಾಠ. ಆ ಗುರುವಾರ ಮೇಡಂ ನನ್ನನ್ನು ಅರ್ಧಕ್ಕೇ ನಿಲ್ಲಿಸಿದರು.

"ಏನಮ್ಮಾ, ಕದ್ದು ತಿನ್ನೋರ ಹಾಗೆ ನುಡಿಸ್ತೀಯ? ಯಾರಿಗೆ ಹೆದರ್ತಿದ್ದೀಯ?"

ಕ್ಲಿಪ್ಪಿನ ಕಥೆ ಹೇಳಿದೆ. ಅವರು ನಗಲಿಲ್ಲ.

"ನಿನ್ನ ಜಾಗಕ್ಕೆ ನಾಲ್ಕು ಜನ ಕಾಯ್ತಿದ್ದಾರೆ. ಮುಂದಿನ ವಾರವೂ ಹೀಗೇ ಆದ್ರೆ ಬಿಟ್ಟುಕೊಡು. ಬೇಜಾರು ಮಾಡ್ಕೋಬೇಡ."

ಬೇಜಾರು ಮಾಡಿಕೊಳ್ಳಲೂ ತ್ರಾಣ ಬೇಕಲ್ಲ! ನಿಜ ಹೇಳುತ್ತೇನೆ, ಮೆಟ್ಟಿಲಿಳಿಯುವಾಗ ಒಂದು ಕ್ಷಣ ಹಾಯೆನಿಸಿತು. ಬಸ್ ಸ್ಟಾಪಿಗೆ ಬರುವಷ್ಟರಲ್ಲಿ ಅಳು ಬಂತು.

ಮರುದಿನ ಬೆಳಿಗ್ಗೆ ಅಕ್ಕ ಡ್ಯೂಟಿ ಮುಗಿಸಿ ಬಂದು ಚಪ್ಪಲಿ ಬಿಡುತ್ತಿದ್ದಾಗಲೇ ಹೇಳಿಬಿಟ್ಟೆ.

"ಪಿಟೀಲು ಬಿಡ್ತೀನಿ ಕಣೇ ಅಕ್ಕ."

"ತಲೆಗಿಲೆ ಕೆಟ್ಟಿದ್ಯಾ?"

"ಕ್ಲಿಪ್ಪು ಹಾಕಿದ್ರೆ ಮೇಡಂ ಬಿಡಲ್ಲ. ತೆಗೆದ್ರೆ ನೀನು ಮಲಗೋದು ಹೇಗೆ?"

"ಅಯ್ಯೋ ಪೆದ್ದಿ, ನೀನು ಇಲಿ ಕೆರೆದ ಹಾಗೆ ಕೆರೀತೀಯಲ್ಲ, ಅದಕ್ಕೇ ನನಗೆ ನಿದ್ದೆ ಬರ್ತಿಲ್ಲ. ಜೋರಾಗಿ ನುಡಿಸು. ನಾನು ಸಿಡಿಲು ಬಡಿದ್ರೂ ಏಳೋಳಲ್ಲ."

ಸಿಡಿಲಿಗೆ ಏಳದವಳು ಇಲಿಗೆ ಹೇಗೆ ಎದ್ದಳು ಎಂದು ನನ್ನ ಮಂಕು ತಲೆಗೆ ಹೊಳೆಯಲಿಲ್ಲ.

ಕ್ಲಿಪ್ಪುಗಳು ಬಟ್ಟೆಯ ಹಗ್ಗಕ್ಕೆ ವಾಪಸಾದವು. ಕಮಾನು ಒತ್ತಿ ಎಳೆದರೆ ಕಿಟಕಿಯ ಗಾಜು ಕೂಡ ಗುಂಯ್ ಎಂದಿತು. ಅಕ್ಕ ಗೋಡೆಗೆ ಮುಖ ಮಾಡಿ ಮಲಗಿದವಳು ಅಲುಗಲಿಲ್ಲ. ಬುಧವಾರದವರೆಗೆ ನಾನು ಒಂದು ದಿನವೂ ಅಭ್ಯಾಸ ತಪ್ಪಿಸಲಿಲ್ಲ.

ಗುರುವಾರ ಮೇಡಂ ಕೊನೆಯವರೆಗೂ ಕೇಳಿದರು.

"ಹೂಂ, ಈಗ ಪಿಟೀಲು ಅಂತ ಗೊತ್ತಾಗ್ತಿದೆ. ಮುಂದಿನ ವಾರ ಬಾ."

ಓಡೋಡಿ ಬಂದೆ. ಅಕ್ಕ ಇನ್ನೂ ಮಲಗಿದ್ದಳು. ಬಗ್ಗಿ ಕರೆದೆ, ಏಳಲಿಲ್ಲ. ಇನ್ನೊಮ್ಮೆ ಕರೆದೆ. ಕೂದಲು ಸರಿಸಿದರೆ ಕಿವಿಯೊಳಗೆ ಹತ್ತಿಯ ಉಂಡೆ. ಆಚೆಯ ಕಿವಿಯಲ್ಲೂ. ಗುರುವಾರ ನಾನು ಮನೆಯಲ್ಲಿ ನುಡಿಸುವುದಿಲ್ಲ ಎಂಬುದನ್ನೂ ಮರೆಯುವಷ್ಟು ದಣಿದಿದ್ದಳು. ನನಗೆ ನಾಚಿಕೆಯಾಯಿತು. ಎಬ್ಬಿಸದೆ ಪಕ್ಕದಲ್ಲಿ ಕುಳಿತೆ.

ಶುಕ್ರವಾರ ಮನೆಗೆ ಬಂದಾಗ ಕಾಲುಗಳು ಬಿದ್ದುಹೋಗುತ್ತಿದ್ದವು. ಇವತ್ತೊಂದು ದಿನ ಬಿಟ್ಟರೇನು ಎಂದುಕೊಳ್ಳುತ್ತಲೇ ಬಾಗಿಲು ತೆರೆದೆ. ಅಕ್ಕ ಆಗಲೇ ಹತ್ತಿ ಇಟ್ಟುಕೊಂಡು ಗೋಡೆಗೆ ತಿರುಗಿ ಮಲಗಿದ್ದಳು. ಆ ಹತ್ತಿಯನ್ನು ದಂಡ ಮಾಡುವುದು ಹೇಗೆ? ಪೆಟ್ಟಿಗೆಯಿಂದ ಪಿಟೀಲು ತೆಗೆದೆ.